ಬೀಡ್ ರಸ್ತೆಯ ಲಾರಿ ಮತ್ತು ಪೈಲಟ್‌ನ ನಿದ್ದೆ

1993ರ ಏಪ್ರಿಲ್ 26ರಂದು ಔರಂಗಾಬಾದಿನ ಚಿಕಲ್‌ಠಾಣಾ ನಿಲ್ದಾಣದಿಂದ ಮುಂಬೈಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737, ರನ್‌ವೇ ಇನ್ನೇನು ಮುಗಿಯಿತು ಎನ್ನುವಾಗ ನೆಲ ಬಿಟ್ಟಿತು. ಅದರಾಚೆಗೆ ಬೀಡ್ ರಸ್ತೆ. ಹತ್ತಿಯ ಅಂಡಿಗೆ ಹೇರಿಕೊಂಡ ಲಾರಿಯೊಂದು ಅದೇ ಗಳಿಗೆಗೆ ಅಲ್ಲಿ ಹಾದುಹೋಗುತ್ತಿತ್ತು. ವಿಮಾನದ ಎಡಗಡೆಯ ಚಕ್ರ ಮತ್ತು ಎಡ ಎಂಜಿನ್ನಿನ ತಳಭಾಗ, ರಸ್ತೆಯಿಂದ ಸುಮಾರು ಏಳಡಿ ಎತ್ತರದಲ್ಲಿ ಆ ಲಾರಿಗೆ ಬಡಿದವು. ಸುಮಾರು ಮೂರು ಕಿಲೋಮೀಟರ್ ಆಚೆ ವಿಮಾನ ಹೈಟೆನ್ಷನ್ ತಂತಿಗಳಿಗೆ ತಾಗಿ ಬಿತ್ತು. ಒಳಗಿದ್ದ 118 ಮಂದಿಯಲ್ಲಿ 55 ಮಂದಿ ತೀರಿಕೊಂಡರು.

ತನಿಖೆ ಎರಡು ಕಾರಣಗಳನ್ನು ಒಟ್ಟಿಗೇ ಇಟ್ಟಿತು. ಪೈಲಟ್‌ಗಳು ವಿಮಾನದ ಮೂತಿಯನ್ನು ತಡವಾಗಿ, ತಪ್ಪು ಕ್ರಮದಲ್ಲಿ ಎತ್ತಿದ್ದು ಒಂದು. ವಿಮಾನ ಹಾರುವ ಸಮಯದಲ್ಲಿ ಬೀಡ್ ರಸ್ತೆಯ ಸಂಚಾರವನ್ನು ರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ ತಡೆಯದೇ ಇದ್ದದ್ದು ಇನ್ನೊಂದು. ನಮ್ಮ ದೇಶದ ಪೈಲಟ್ ಸಂಘಟನೆಗಳ ಹೋರಾಟವನ್ನು ಅಳೆಯಲು ಹೊರಟರೆ ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಕಂಡಿಲ್ಲ. ಸಂಘಟನೆಗಳು ಎರಡನೆಯ ಕಾರಣವನ್ನು ಗಟ್ಟಿಯಾಗಿ ಹೇಳುತ್ತವೆ. ವಿಮಾನಯಾನ ಕಂಪನಿಗಳಿಗೂ ಸರ್ಕಾರಕ್ಕೂ ಮೊದಲನೆಯದಷ್ಟೇ ಸಾಕು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವವರು ವಿರಳ, ಪ್ರಯಾಣಿಕನ ಜೀವ ನಿಂತಿರುವುದು ಮಾತ್ರ ಎರಡರ ಮೇಲೂ.

ಈ ಹೋರಾಟಕ್ಕೆ ಜನರ ನಂಬಿಕೆ ಸುಲಭವಾಗಿ ಸಿಗದಿರುವುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಔರಂಗಾಬಾದಿನ ದುರಂತಕ್ಕೆ ಕೆಲವೇ ತಿಂಗಳ ಹಿಂದೆ, 1992ರ ಕೊನೆಯಲ್ಲಿ, ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಂಬಳ ಸವಲತ್ತಿಗಾಗಿ ಮುಷ್ಕರ ಹೂಡಿದ್ದರು. ಸರ್ಕಾರ ಮಾತುಕತೆ ಮುಗಿಸುವ ಬದಲು ಉಜ್ಬೇಕಿಸ್ತಾನದಿಂದ ವಿಮಾನವನ್ನೂ ಸಿಬ್ಬಂದಿಯನ್ನೂ ಬಾಡಿಗೆಗೆ ತರಿಸಿತು. ಹಾಗೆ ತಂದ ಟಿಯು-154 ಜನವರಿ 9ರಂದು ದೆಹಲಿಯ ಮಂಜಿನಲ್ಲಿ ಇಳಿಯುವಾಗ ಮಗುಚಿ ಬಿತ್ತು. ಎಲ್ಲರೂ ಬದುಕುಳಿದರು, ಸಚಿವ ಮಾಧವರಾವ್ ಸಿಂಧಿಯಾ ರಾಜೀನಾಮೆ ಕೊಟ್ಟರು. ಆಮೇಲಿನ ದೊಡ್ಡ ಮುಷ್ಕರಗಳೂ ಸುರಕ್ಷತೆಯ ಹೆಸರಿನವಲ್ಲ. 2011ರದ್ದು ಸಮಾನ ವೇತನಕ್ಕೆ. 2012ರಲ್ಲಿ 58 ದಿನ ನಡೆದದ್ದು, ಹೊಸ ಡ್ರೀಮ್‌ಲೈನರ್ ಓಡಿಸುವ ತರಬೇತಿ ಏರ್ ಇಂಡಿಯಾದವರಿಗೋ ವಿಲೀನವಾದ ಇಂಡಿಯನ್ ಏರ್‌ಲೈನ್ಸ್‌ನವರಿಗೋ ಎಂಬ ಜಗಳ. ನ್ಯಾಯಯುತ ಸಂಬಳ ಕೇಳುವುದು ತಪ್ಪಲ್ಲ. ಆದರೆ ಎರಡು ಪೈಲಟ್ ಬಣಗಳು ಒಂದು ವಿಮಾನಕ್ಕಾಗಿ ಕಚ್ಚಾಡಿದ್ದನ್ನು ನಿಲ್ದಾಣದ ಬೆಂಚಿನ ಮೇಲೆ ಕೂತು ನೋಡಿದ ಪ್ರಯಾಣಿಕ, ಮುಂದೆ ಅವರೇ ಬಂದು ‘ನಮಗೆ ನಿದ್ದೆ ಸಾಲುತ್ತಿಲ್ಲ’ ಎಂದಾಗ ಅನುಮಾನದಿಂದ ನೋಡಿದರೆ ಅವನನ್ನು ದೂರುವಂತಿಲ್ಲ.

ಅನುಮಾನ ಬಿಟ್ಟು ಕೇಳಬೇಕಾದ ಮಾತು ಅದು ಎಂಬುದಕ್ಕೆ ಕನ್ನಡಿಗರಿಗೆ ದೂರದ ಸಾಕ್ಷಿ ಬೇಡ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ತುದಿಯಿಂದ ಕಮರಿಗೆ ಉರುಳಿತು. 158 ಸಾವು. ಕಾಕ್‌ಪಿಟ್‌ನ ಧ್ವನಿ ಮುದ್ರಿಕೆಯ ಮೊದಲ ಒಂದು ಗಂಟೆ ನಲವತ್ತು ನಿಮಿಷ ಇಬ್ಬರು ಪೈಲಟ್‌ಗಳ ನಡುವೆ ಮಾತೇ ಇಲ್ಲ, ನಡುನಡುವೆ ಗೊರಕೆಯ ಸದ್ದು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖೆ ಕಂಡುಕೊಂಡದ್ದು ಇಷ್ಟು: ಕ್ಯಾಪ್ಟನ್‌ಗೆ ಹಾರಾಟಕ್ಕೆ ಮೊದಲು ಸಾಕಷ್ಟು ವಿಶ್ರಾಂತಿಯ ಅವಧಿ ಸಿಕ್ಕಿತ್ತು, ಆದರೂ ಅವರು ಹಾರಾಟದಲ್ಲಿ ದೀರ್ಘ ನಿದ್ದೆ ಮಾಡಿದರು. ಎದ್ದ ಮೇಲಿನ ಮಂಪರಿನಲ್ಲಿ ಅವರ ತೀರ್ಮಾನ ಕೆಟ್ಟಿರಬಹುದು. ವಿಮಾನ ತೀರಾ ಎತ್ತರದಲ್ಲಿದ್ದಾಗ ಸಹ ಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರು, ಅಂದರೆ ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು. ಕ್ಯಾಪ್ಟನ್ ಇಳಿಸಿಯೇಬಿಟ್ಟರು.

‘ಸಾಕಷ್ಟು ವಿಶ್ರಾಂತಿ ಸಿಕ್ಕಿತ್ತು’ ಎಂಬ ಮಾತಿನ ಬಳಿ ಸ್ವಲ್ಪ ನಿಲ್ಲಬೇಕು. ಕಾಗದದ ಮೇಲೆ ಗಂಟೆಗಳ ಲೆಕ್ಕ ಸರಿಯಿತ್ತು. ಸರಿಯಿಲ್ಲದ್ದು ಹೊತ್ತು. ರಾತ್ರಿ ಎರಡರಿಂದ ಬೆಳಿಗ್ಗೆ ಆರರವರೆಗೆ ಮನುಷ್ಯನ ದೇಹ ಎಚ್ಚರವನ್ನು ಬಿಟ್ಟುಕೊಡುವ ಕಾಲ. ಹಗಲು ಎಂಟು ಗಂಟೆ ಹೋಟೆಲ್ ಕೋಣೆಯಲ್ಲಿ ಪರದೆ ಎಳೆದು ಮಲಗಿದವನಿಗೂ ಆ ನಾಲ್ಕು ಗಂಟೆ ಕಷ್ಟವೇ. ಮಂಗಳೂರಿನ ವಿಮಾನ ನೆಲ ಮುಟ್ಟಿದ್ದು ಬೆಳಿಗ್ಗೆ 6:05ಕ್ಕೆ.

ಪೈಲಟ್ ಸಂಘಟನೆಗಳ ಅತ್ಯುತ್ತಮ ಕೆಲಸ ಇರುವುದು ಇಲ್ಲೇ. ಎಷ್ಟು ಗಂಟೆ ಎಂಬ ಪ್ರಶ್ನೆಯಿಂದ ಯಾವ ಗಂಟೆ ಎಂಬ ಪ್ರಶ್ನೆಗೆ ಅವರು ವಾದವನ್ನು ತಂದರು. 2024ರ ಜನವರಿಯಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕೆಲಸದ ಅವಧಿಯ ಹೊಸ ನಿಯಮ ಹೊರಡಿಸಿತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಎಂದರೆ ಬೆಳಿಗ್ಗೆ ಐದರವರೆಗೆ ಎಂದಿದ್ದದ್ದು ಆರರವರೆಗೆ ಎಂದಾಯಿತು. ರಾತ್ರಿಯಲ್ಲಿ ಒಬ್ಬ ಪೈಲಟ್ ಮಾಡಬಹುದಾದ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು. ಕಂಪನಿಗಳು ಮೂರು ತಿಂಗಳಿಗೊಮ್ಮೆ ದಣಿವಿನ ವರದಿ ಸಲ್ಲಿಸಬೇಕು, ದಣಿದಿದ್ದೇನೆ ಎಂದು ಬರೆದುಕೊಟ್ಟವರ ಮೇಲೆ ಕ್ರಮ ಕೈಗೊಳ್ಳಬಾರದು. ಪೈಲಟ್ ಆಗಿ ದುಡಿಯದವರಿಗೆ ಲ್ಯಾಂಡಿಂಗಿನ ಅಂಕೆ ಸಣ್ಣದೆನಿಸಬಹುದು. ಆರು ಲ್ಯಾಂಡಿಂಗ್ ಎಂದರೆ ನಡುರಾತ್ರಿ ದಾಟಿದ ಮೇಲೆ ಆರು ಸಲ ಹೊಸ ನಿಲ್ದಾಣ, ಹೊಸ ಗಾಳಿ, ಹೊಸ ಆವರ್ತನ, ಆರು ಸಲ ನೆಲ ಹತ್ತಿರ ಬರುವ ಆ ಎರಡು ನಿಮಿಷ. ಇದನ್ನು ಎರಡಕ್ಕಿಳಿಸಿದ್ದು, ನನ್ನ ಮಟ್ಟಿಗೆ, ಇಡೀ ನಿಯಮಾವಳಿಯ ಹೃದಯ.

ಕಂಪನಿಗಳು ಇನ್ನಷ್ಟು ಪೈಲಟ್‌ಗಳನ್ನು ನೇಮಿಸಬೇಕಾಗುತ್ತದೆ ಎಂದವು. ನಿಯಮ 2024ರ ಜೂನ್‌ನಲ್ಲಿ ಜಾರಿಗೆ ಬರಬೇಕಿದ್ದದ್ದು ಮುಂದಕ್ಕೆ ಹೋಯಿತು. ಸಂಘಟನೆಗಳು ಬೀದಿಗಿಳಿಯಲಿಲ್ಲ, ದೆಹಲಿ ಹೈಕೋರ್ಟಿಗೆ ಹೋದವು. ಮುಷ್ಕರದ ಚರಿತ್ರೆಯಿರುವವರು ಈ ದಾರಿ ಹಿಡಿದದ್ದು ಮುಖ್ಯ. ಫಲವಾಗಿ 2025ರ ಜುಲೈ 1 ಮತ್ತು ನವೆಂಬರ್ 1ರಂದು ಎರಡು ಹಂತಗಳಲ್ಲಿ ನಿಯಮ ಜಾರಿಯಾಯಿತು. ಡಿಸೆಂಬರ್ ಮೊದಲ ವಾರದಲ್ಲೇ ಇಂಡಿಗೊ ಕುಸಿಯಿತು. 3ರಿಂದ 5ರವರೆಗಿನ ಮೂರು ದಿನಗಳಲ್ಲಿ 2,507 ವಿಮಾನಗಳು ರದ್ದಾದವು, ಮೂರು ಲಕ್ಷಕ್ಕೂ ಹೆಚ್ಚು ಜನ ಸಿಕ್ಕಿಹಾಕಿಕೊಂಡರು. ನಿಯಮ ಬರುತ್ತದೆಂದು ಸುಮಾರು ಎರಡು ವರ್ಷ ಮೊದಲೇ ಗೊತ್ತಿದ್ದ ಕಂಪನಿ ಜನ ಸಾಲದೆ ನಿಂತಿತು. ಆಗ ಡಿಜಿಸಿಎ ಮಾಡಿದ್ದೇನು? 2026ರ ಫೆಬ್ರುವರಿ 10ರವರೆಗೆ ಇಂಡಿಗೊಗೆ ವಿನಾಯಿತಿ ಕೊಟ್ಟಿತು, ಅದೂ ರಾತ್ರಿಯ ವ್ಯಾಖ್ಯೆ ಮತ್ತು ರಾತ್ರಿ ಲ್ಯಾಂಡಿಂಗುಗಳ ವಿಷಯದಲ್ಲೇ. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕ ಹಿಡಿಯಬಾರದೆಂಬ ಸೂಚನೆಯನ್ನಂತೂ ಹಿಂದಕ್ಕೇ ತೆಗೆದುಕೊಂಡಿತು. ಮುಂದೆ ಜನವರಿಯಲ್ಲಿ ಕಂಪನಿಗೆ 22.20 ಕೋಟಿ ರೂಪಾಯಿ ದಂಡ ಬಿತ್ತು. ದಂಡದಿಂದ ಆ ಎರಡು ತಿಂಗಳ ರಾತ್ರಿಗಳು ವಾಪಸು ಬರುವುದಿಲ್ಲ. ಏರ್‌ಲೈನ್ ಪೈಲಟ್ಸ್ ಅಸೋಸಿಯೇಷನ್ ವಿನಾಯಿತಿಯನ್ನು ವಿರೋಧಿಸಿದ್ದು ಪೂರ್ತಿ ಸರಿ.

ನಾಸಿಕ್ ಮತ್ತು ಈಗ ಛತ್ರಪತಿ ಸಂಭಾಜಿನಗರವಾಗಿರುವ ಔರಂಗಾಬಾದಿನಂಥ ಊರುಗಳಿಗೆ ಈ ಜಗಳ ದೆಹಲಿಯ ಮಾತಲ್ಲ. ನಾಸಿಕ್‌ನ ಓಝರ್ ನಿಲ್ದಾಣ ಎಚ್‌ಎಎಲ್‌ನ ರನ್‌ವೇ, ಮಿಗ್-21 ತಯಾರಾದ ಜಾಗ. ಅಲ್ಲಿ ನಾಗರಿಕ ಹಾರಾಟ ಬೆಳೆದದ್ದು ಈಚೆಗೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ ಹೆಸರು 2017ರ ಡಿಸೆಂಬರ್‌ನಲ್ಲಿ ಉಡಾನ್ ಯೋಜನೆಯ ಪುಟ್ಟ ಬೀಚ್‌ಕ್ರಾಫ್ಟ್ ವಿಮಾನದ ಮೇಲೆ ಮತ್ತೆ ಬಂದಾಗ ನಾಸಿಕ್ ಅದರ ಊರುಗಳಲ್ಲೊಂದಾಗಿತ್ತು. ಈಗ ಎರಡೂ ಊರುಗಳ ಹಾರಾಟ ಬಹುಪಾಲು ಇಂಡಿಗೊ ಮೇಲೆ ನಿಂತಿದೆ. ಅಗ್ಗದ ಟಿಕೆಟ್ ಸಾಮಾನ್ಯರನ್ನು ಆಕಾಶಕ್ಕೆ ಹತ್ತಿಸಿತು, ಅದು ದೊಡ್ಡ ಸಾಧನೆ. ಆ ಟಿಕೆಟ್ಟಿನ ಬೆಲೆ ಇಳಿದದ್ದು ವಿಮಾನವನ್ನು ಹೆಚ್ಚು ಹೊತ್ತು ಹಾರಿಸಿ, ನೆಲದ ಮೇಲೆ ಕಡಿಮೆ ಹೊತ್ತು ನಿಲ್ಲಿಸಿ. ವಿಮಾನಕ್ಕೆ ನಿದ್ದೆ ಬೇಕಿಲ್ಲ. ಮುಂದಿನ ಎರಡು ಸೀಟುಗಳಲ್ಲಿ ಕೂತವರಿಗೆ ಬೇಕು.

ಅವರು ‘ಆಗದು’ ಎನ್ನಬಲ್ಲರೇ? ಈ ಪ್ರಶ್ನೆಯಲ್ಲಿ ಕೆಲಸದ ಷರತ್ತು ಮತ್ತು ಸುರಕ್ಷತೆ ಬೇರೆಬೇರೆಯಾಗಿ ಉಳಿಯುವುದಿಲ್ಲ. 2017ರಲ್ಲಿ ಡಿಜಿಸಿಎ ಕಮಾಂಡರ್ ಕೆಲಸ ಬಿಡಬೇಕಾದರೆ ಒಂದು ವರ್ಷದ ನೋಟಿಸ್, ಸಹ ಪೈಲಟ್‌ಗೆ ಆರು ತಿಂಗಳು ಎಂದು ಗೊತ್ತು ಮಾಡಿತು. ಪೈಲಟ್ ಸಿಗದೆ ವಿಮಾನ ನಿಂತರೆ ಪ್ರಯಾಣಿಕರಿಗೆ ತೊಂದರೆ ಎಂಬುದು ಅದರ ತರ್ಕ. ಒಂದು ವರ್ಷ ಅದೇ ಕಂಪನಿಯ ರೋಸ್ಟರ್‌ನಡಿ ದುಡಿಯಲೇಬೇಕಾದವನು ಇವತ್ತು ರಾತ್ರಿ ದಣಿದಿದ್ದೇನೆ ಎಂದು ಬರೆದುಕೊಡಲು ಎಷ್ಟು ಧೈರ್ಯ ಬೇಕೆಂದು ಯೋಚಿಸಿ. ಈ ನಿಯಮದ ವಿರುದ್ಧದ ಹೋರಾಟವನ್ನು ಸಂಘಟನೆಗಳು ಸುರಕ್ಷತೆಯ ಹೋರಾಟವಾಗಿಯೇ ಮಂಡಿಸಬೇಕಿತ್ತು. ಪೈಲಟ್‌ನ ಸ್ವಾತಂತ್ರ್ಯದ ಪ್ರಶ್ನೆಯೆಂಬಂತೆ ಮಂಡಿಸಿದ್ದರಿಂದ ಅದು ಜನರ ಮನಸ್ಸಿಗೆ ಇಳಿಯಲಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ ಡ್ರೀಮ್‌ಲೈನರ್ ಬಿದ್ದು 260 ಜನ ಸತ್ತರು. ಜುಲೈನಲ್ಲಿ ಪ್ರಾಥಮಿಕ ವರದಿ ಬಂದ ಕೂಡಲೇ ಪೈಲಟ್‌ಗಳ ಮೇಲೆ ಆರೋಪದ ಮಳೆ ಸುರಿಯಿತು. ಅರ್ಧ ಮಾಹಿತಿ ಹೊರಬಿಟ್ಟು ಸತ್ತವರನ್ನು ಕಟಕಟೆಗೆ ತರಬೇಡಿ, ತನಿಖೆಯಲ್ಲಿ ನಮಗೂ ಜಾಗ ಕೊಡಿ ಎಂದು ಸಂಘಟನೆಗಳು ಕೇಳಿದ್ದು ನ್ಯಾಯ. ಅದರ ಜೊತೆಗೇ, ಪೈಲಟ್‌ಗಳು ತರಬೇತಿಗೆ ತಕ್ಕಂತೆ ನಡೆದುಕೊಂಡರು ಎಂದು ತನಿಖೆ ಮುಗಿಯುವ ಮೊದಲೇ ಹೇಳಿಬಿಟ್ಟದ್ದು ನ್ಯಾಯವಲ್ಲ. ಆತುರದ ತೀರ್ಪು ಬೇಡ ಎನ್ನುವವರು ತಾವೂ ತೀರ್ಪು ಕೊಡಬಾರದು. ಮಂಗಳೂರಿನಲ್ಲಿ ಮೂರು ಸಲ ಎಚ್ಚರಿಸಿದವರೂ ಪೈಲಟ್ಟೇ. ಹಿರಿಯ ಕ್ಯಾಪ್ಟನ್‌ನ ಕೈಯಿಂದ ಕಂಟ್ರೋಲ್ ಕಿತ್ತುಕೊಳ್ಳುವ ಅಧಿಕಾರ ಕಿರಿಯನಿಗೆ ಕಾಗದದಲ್ಲಷ್ಟೇ ಇದೆಯೇ, ಕಾಕ್‌ಪಿಟ್‌ನಲ್ಲೂ ಇದೆಯೇ ಎಂಬುದನ್ನು ಸಂಘಟನೆಗಳು ದಣಿವಿನಷ್ಟೇ ಗಟ್ಟಿಯಾಗಿ ಎತ್ತಿದ್ದನ್ನು ನಾನು ಕೇಳಿಲ್ಲ. ಅದು ಅವರ ಮನೆಯೊಳಗಿನ ಪ್ರಶ್ನೆ, ಉತ್ತರವೂ ಅವರ ಬಳಿಯೇ ಇರಬೇಕು.

ಅಮೆರಿಕದ ಉದಾಹರಣೆ ಇಲ್ಲಿ ಉಪಯುಕ್ತ. 2009ರ ಫೆಬ್ರುವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತರು. ಪೈಲಟ್‌ಗಳ ತಪ್ಪು ಸ್ಪಷ್ಟವಿತ್ತು, ದಣಿವಿನ ಪ್ರಶ್ನೆಯೂ ಎದ್ದಿತು. ತಪ್ಪನ್ನು ಮುಚ್ಚಿಡದೆ, ಸತ್ತವರ ಕುಟುಂಬಗಳು ವರ್ಷಗಟ್ಟಲೆ ವಾಷಿಂಗ್ಟನ್ನಿನ ಬಾಗಿಲು ಬಡಿದವು, ಪೈಲಟ್ ಸಂಘವೂ ವಿಶ್ರಾಂತಿಯ ನಿಯಮಕ್ಕಾಗಿ ಒತ್ತಾಯಿಸಿತು. 2014ರಲ್ಲಿ ಹೊಸ ನಿಯಮ ಜಾರಿಗೆ ಬಂತು. ನಮ್ಮಲ್ಲಿ ಪೈಲಟ್ ಸಂಘಟನೆ ಮತ್ತು ಪ್ರಯಾಣಿಕ ಒಂದೇ ಕಡೆ ನಿಂತು ಅರ್ಜಿ ಕೊಟ್ಟದ್ದು ಕಡಿಮೆ. 2025ರ ಡಿಸೆಂಬರ್‌ನಲ್ಲಿ ರದ್ದಾದ ವಿಮಾನಗಳ ಪ್ರಯಾಣಿಕರು ಕೌಂಟರ್ ಮುಂದೆ ಕೂಗಾಡುತ್ತಿದ್ದಾಗ, ಅವರ ಪರವಾಗಿಯೇ ಈ ನಿಯಮ ಇದೆ ಎಂದು ವಿವರಿಸಿ ಹೇಳುವ ಅವಕಾಶ ಸಂಘಟನೆಗಳ ಕೈಯಲ್ಲಿತ್ತು.

ಆ ಅವಕಾಶ ಮತ್ತೆ ಬರಲಿದೆ. 2027ರ ಸಿಂಹಸ್ಥ ಕುಂಭಮೇಳಕ್ಕೆ ನಾಸಿಕ್‌ನತ್ತ ಜನಸಾಗರ ಹರಿಯುತ್ತದೆ. ಹೆಚ್ಚುವರಿ ವಿಮಾನಗಳಿಗೆ ಒತ್ತಡ ಬಂದರೆ ಹಗಲಿನ ಸ್ಲಾಟುಗಳು ತುಂಬಿ ಉಳಿದವು ರಾತ್ರಿಗೆ ಸರಿಯುವ ಸಾಧ್ಯತೆಯಿದೆ. ವೇಳಾಪಟ್ಟಿ ಅಂತಿಮವಾಗುವ ಮೊದಲೇ ಸಂಘಟನೆಗಳು ಡಿಜಿಸಿಎಯನ್ನು ಕೇಳಬೇಕಾದ್ದು ಎರಡು. ಮೇಳದ ಹೆಸರಿನಲ್ಲಿ ರಾತ್ರಿ ಲ್ಯಾಂಡಿಂಗಿನ ಮಿತಿಗೆ ವಿನಾಯಿತಿ ಕೊಡುವುದಿಲ್ಲ ಎಂಬ ಲಿಖಿತ ಭರವಸೆ ಒಂದು. ಕಂಪನಿಗಳು ಮೂರು ತಿಂಗಳಿಗೊಮ್ಮೆ ಕೊಡುವ ದಣಿವಿನ ವರದಿಗಳು, ಪೈಲಟ್‌ಗಳ ಹೆಸರು ತೆಗೆದು, ನಾಸಿಕ್ ಮತ್ತು ಸಂಭಾಜಿನಗರದ ಜನರೂ ಓದುವಂತೆ ಹೊರಗೆ ಬರುವುದು ಇನ್ನೊಂದು.