‘ಡೆಫನಿಂಗ್’ ಮತ್ತು ‘ಕಿವಿಗಡಚಿಕ್ಕುವ’: ಒಂದು ಸಮೀಕರಣದ ವಿಮರ್ಶೆ

ಇಂಗ್ಲಿಷಿನ ‘ಡೆಫನಿಂಗ್’ ಎಂಬ ಗುಣವಾಚಕಕ್ಕೆ ‘ಕಿವುಡುಗೊಳಿಸುವ’, ‘ಕಿವಿಗಡಚಿಕ್ಕುವ’ ಎಂಬ ರೂಪಗಳನ್ನು ಪರ್ಯಾಯಗಳೆಂಬಂತೆ ಕೊಡುವುದು ನಮ್ಮಲ್ಲಿ ರೂಢಿ. ಇವೆರಡರ ವಾಕ್ಯರಚನೆಯೂ ಅರ್ಥವೂ ಬೇರೆ. ಇಂಗ್ಲಿಷ್ ಪದಕ್ಕೆ ಇವೆರಡೂ ಪೂರ್ಣವಾಗಿ ಸಮನಲ್ಲ ಎಂಬುದು ಪ್ರಸ್ತುತ ಬರಹದ ವಾದ.

(1) ಕಿವುಡುಗೊಳಿಸುವ ಸದ್ದು
(2) ಮೈ ನಡುಗುವ ಚಳಿ
(3) ಕಿವಿ ತೂತಾಗುವ ಸದ್ದು
(4) ಕಿವಿಗಡಚಿಕ್ಕುವ ಸದ್ದು

(1)ರಲ್ಲಿ ಪ್ರೇರಣಾರ್ಥಕ ಕ್ರಿಯೆಯಿದ್ದು, ಸದ್ದೇ ಅದರ ಕರ್ತೃ. ಇದು ಇಂಗ್ಲಿಷ್ ರಚನೆಯ ಪಡಿಯಚ್ಚು. (2) ಮತ್ತು (3)ರಲ್ಲಿ ಕರ್ತೃಸ್ಥಾನದಲ್ಲಿರುವುದು ಮೈ ಮತ್ತು ಕಿವಿ. ವಿಶೇಷ್ಯವಾದ ನಾಮಪದವು ಕರ್ತೃವೂ ಅಲ್ಲ, ಕರ್ಮವೂ ಅಲ್ಲ, ಕಾರಣ ಮಾತ್ರ. ‘ಚಳಿಗೆ ಮೈ ನಡುಗಿತು’ ಎಂದು ಬಿಡಿಸಿದಾಗ ಕಾಣುವ ಚತುರ್ಥಿಯೇ ಇದಕ್ಕೆ ಸಾಕ್ಷಿ. (4) ಇವೆರಡು ಮಾದರಿಗಳ ನಡುವೆ ನಿಂತಿದೆ. ‘ಸದ್ದಿಗೆ ಕಿವಿ ಗಡಚಿಕ್ಕಿತು’ ಎಂಬುದೂ ‘ಸದ್ದು ಕಿವಿಗಡಚಿಕ್ಕುತ್ತಿತ್ತು’ ಎಂಬುದೂ ಇಂದಿನ ಬರವಣಿಗೆಯಲ್ಲಿ ಸಲ್ಲುತ್ತವೆ. ಆದರೂ ಎರಡರಲ್ಲೂ ಹೇಳಿಕೆಯ ಕೇಂದ್ರ ಕೇಳುವವನ ಆ ಕ್ಷಣದ ಅನುಭವ. ಸದ್ದಿನ ಪ್ರಮಾಣವಲ್ಲ, ಕಿವಿಗಾದ ಶಾಶ್ವತ ಹಾನಿಯೂ ಅಲ್ಲ. ಇಂಗ್ಲಿಷಿನಲ್ಲಿ ‘ಡೆಫನಿಂಗ್’ ಬಹುಮಟ್ಟಿಗೆ ಪ್ರಮಾಣಸೂಚಕವಾಗಿ ಸವೆದಿರುವುದರಿಂದಲೇ ಅದು ಮೌನಕ್ಕೂ ವಿಶೇಷಣವಾಗಬಲ್ಲದು. ‘ಕಿವಿಗಡಚಿಕ್ಕುವ ಮೌನ’ ಎಂಬ ಅನುವಾದದಲ್ಲಿ ಕ್ರಿಯಾಂಶವಿನ್ನೂ ಜೀವಂತವಾಗಿರುವುದರಿಂದ ಓದುಗ ತಡವರಿಸುತ್ತಾನೆ.

ಹಾಗಾದರೆ ಕನ್ನಡ ಸದ್ದನ್ನು ಹೇಗೆ ವರ್ಣಿಸುತ್ತದೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಉತ್ತರ ಕೈಗೆಟಕುವಂತಿದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಅಲ್ಲಾಡಿಸಿದಾಗ, ಕರಟ ಬಿಟ್ಟ ಗಿಟುಕು ಗಡಗಡ ಎಂದರೆ ಕೊಬ್ಬರಿಯಾಗಿದೆ ಎಂದರ್ಥ. ಮರದಿಂದ ಕಾಯಿ ಬೀಳುವುದು ಧೊಪ್ಪನೆ. ಇಲ್ಲಿ ತಿಳಿವಳಿಕೆ ಕೊಡುವುದು ಸದ್ದಿನ ಬಗೆ. ಅದರ ಜೋರು ಆ ಬಗೆಯೊಳಗೇ ಅಡಗಿದೆ. ಇಂಥ ಅನುಕರಣಪದಗಳು ಭಾರತದ ಭಾಷಾವಲಯದ ಸಮಾನಲಕ್ಷಣವೆಂದು ಎಮೆನೋ 1969ರಲ್ಲೇ ತೋರಿಸಿದ್ದಾರೆ. ನಮ್ಮ ಚರ್ಚೆಗೆ ಮುಖ್ಯವಾದುದು ಅವುಗಳ ಅನ್ವಯ: ‘ಗಡಗಡ ಕಾಯಿ’ ಎನ್ನುವುದಿಲ್ಲ, ‘ಗಡಗಡ ಎನ್ನುವ ಕಾಯಿ’ ಎನ್ನುತ್ತೇವೆ. ಇಲ್ಲಿಯೂ ನಾಮಪದವನ್ನು ವಿಶೇಷಿಸುವುದು ಕೃದಂತವೇ. ವಿಶೇಷಿಸುವುದೇ ಗುಣವಾಚಕದ ಮೂಲಕಾರ್ಯವೆಂದು ಡಿ. ಎನ್. ಶಂಕರ ಭಟ್ಟರು 1994ರ ‘ದಿ ಅಡ್ಜೆಕ್ಟಿವಲ್ ಕೆಟಗರಿ’ಯಲ್ಲಿ ವಾದಿಸಿದ್ದಾರೆ. ಸದ್ದಿನ ಕ್ಷೇತ್ರದಲ್ಲಿ ಕನ್ನಡ ಆ ಕಾರ್ಯವನ್ನು ಹೆಚ್ಚಾಗಿ ಕ್ರಿಯಾಪದದಿಂದಲೇ ಮಾಡಿಸಿಕೊಳ್ಳುತ್ತದೆ.

ಇದು ಕೇವಲ ನಿಘಂಟಿನ ಜಗಳವಲ್ಲ. ಇದೇ ಸೀಮೆಯ ನಾರಿನ ಕಾರ್ಖಾನೆಗಳಲ್ಲಿ ದಿನವಿಡೀ ಯಂತ್ರದ ಬಳಿ ನಿಲ್ಲುವವರಿಗಾಗಿ ಆರೋಗ್ಯ ಪ್ರಶ್ನಾವಳಿಯೊಂದನ್ನು ಅನುವಾದಿಸಬೇಕಾಗಿದೆ ಎಂದುಕೊಳ್ಳೋಣ. ‘ಯಂತ್ರದ ಸದ್ದು ಕಿವಿಗಡಚಿಕ್ಕುತ್ತದೆಯೇ?’ ಎಂದು ಕೇಳಿದರೆ, ಸದ್ದಿಗೆ ಒಗ್ಗಿಹೋದವರು ‘ಇಲ್ಲ’ ಎನ್ನಬಹುದು. ಆ ಉತ್ತರ ಸುಳ್ಳೂ ಅಲ್ಲ. ಆದರೆ ಸದ್ದಿನಿಂದಾಗುವ ಶ್ರವಣನಷ್ಟ ನೋವಿಲ್ಲದೆ, ನಿಧಾನವಾಗಿ ಬರುವಂಥದು. ‘ಕಿವುಡುಗೊಳಿಸುತ್ತದೆಯೇ?’ ಎಂಬುದಂತೂ ರೋಗನಿರ್ಣಯವನ್ನು ಕಾರ್ಮಿಕರಿಂದಲೇ ಕೇಳಿದಂತೆ. ‘ಕೈಯಳತೆಯ ದೂರದಲ್ಲಿರುವವರೊಡನೆ ಮಾತಾಡಲು ಕೂಗಬೇಕಾಗುತ್ತದೆಯೇ?’ ಎಂದರೆ ಪ್ರಶ್ನೆ ಪ್ರಮಾಣವನ್ನೇ ಮುಟ್ಟುತ್ತದೆ. ಔದ್ಯೋಗಿಕ ಆರೋಗ್ಯ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಸರಳ ಅಳತೆಯೂ ಇದೇ.

ದ್ವಿಭಾಷಾ ನಿಘಂಟುಗಳು ಇಂಥ ನಮೂದುಗಳಲ್ಲಿ ಸಮಾನಪದಗಳನ್ನು ಪೋಣಿಸುವುದರ ಬದಲು ಕರ್ತೃ ಯಾರು, ಕಾರಣ ಯಾವುದು, ವಿಶೇಷ್ಯ ಯಾವುದಾಗಬಹುದು ಎಂಬುದನ್ನು ಉದಾಹರಣೆಸಹಿತ ದಾಖಲಿಸಬೇಕು. ‘ಕಿವಿಗಡಚಿಕ್ಕುವ’ ಎಂಬುದು ಒಳ್ಳೆಯ ಕನ್ನಡ. ಅದನ್ನು ‘ಡೆಫನಿಂಗ್’ನ ನೆರಳಾಗಿಸಿದರೆ ಅದಕ್ಕಿರುವ ಸ್ವಂತ ಅರ್ಥವನ್ನೇ ಕಳೆದುಕೊಳ್ಳುತ್ತೇವೆ.