ಅಳೆದದ್ದು ಉದ್ಯಮವನ್ನೋ, ಆಸೆಯನ್ನೋ?

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಡಿಜಿಟಲ್ ಉದ್ಯಮದತ್ತ ಒಲಿಯುವುದೇಕೆ? ಈ ಕುರಿತ ಅಧ್ಯಯನಗಳಲ್ಲಿ ಅನೇಕವು ಒಂದೇ ಅಚ್ಚಿನವು. ಮನೋವಿಜ್ಞಾನಿ ಐಸೆಕ್ ಐಜೆನ್ 1991ರಲ್ಲಿ ವಿವರಿಸಿದ ‘ಯೋಜಿತ ವರ್ತನೆಯ ಸಿದ್ಧಾಂತ’ವೇ ಅವುಗಳ ಬುನಾದಿ. ಕೆಲಸದ ಬಗೆಗಿನ ಮನೋಭಾವ, ಹತ್ತಿರದವರ ಅಭಿಪ್ರಾಯ, ‘ಇದು ನನ್ನಿಂದಾದೀತು’ ಎಂಬ ನಂಬಿಕೆ – ಇವು ಮೂರೂ ಸೇರಿ ಸಂಕಲ್ಪವಾಗುತ್ತದೆ; ಸಂಕಲ್ಪವು ಕ್ರಿಯೆಗೆ ದಾರಿ ಮಾಡುತ್ತದೆ ಎನ್ನುತ್ತದೆ ಈ ಸಿದ್ಧಾಂತ.

ನನ್ನ ತಕರಾರು ಸಿದ್ಧಾಂತದ ಬಗ್ಗೆ ಅಲ್ಲ, ಮಾಪನದ ಬಗ್ಗೆ. ‘ಉದ್ಯಮಿಯಾಗುವುದು ನನಗಿಷ್ಟ’, ‘ಉದ್ಯಮಿಯಾಗಲು ನಿರ್ಧರಿಸಿದ್ದೇನೆ’ ಎಂಬ ಎರಡು ವಾಕ್ಯಗಳಿಗೂ ಒಬ್ಬನೇ ವಿದ್ಯಾರ್ಥಿ ಒಂದೇ ಹಾಳೆಯಲ್ಲಿ 7ಕ್ಕೆ 6 ಅಂಕ ಕೊಡುತ್ತಾನೆ. ಇವುಗಳ ನಡುವೆ ಸಹಸಂಬಂಧ ಕಾಣದಿದ್ದರೇ ಆಶ್ಚರ್ಯ! ಓಮ್‌ನ ನಿಯಮವನ್ನು ಪರೀಕ್ಷಿಸುವಾಗ ನಾವು ವೋಲ್ಟ್‌ಮೀಟರ್, ಆಮ್ಮೀಟರ್ ಎರಡನ್ನೂ ಬಳಸುತ್ತೇವೆ. ಒಂದೇ ಮಾಪಕವನ್ನು ಎರಡು ಸಲ ನೋಡಿ ನಿಯಮ ದೊರಕಿತು ಎನ್ನುವುದಿಲ್ಲ. ಎರಡೂ ಉತ್ತರಗಳು ಏಕಕಾಲದವಾದ್ದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದೂ ಹೇಳಲಾಗದು.

ಇದಕ್ಕಿಂತ ಎಚ್ಚರದ ಪ್ರಯೋಗವೂ ಇದೆ. ನೆದರ್‌ಲ್ಯಾಂಡ್ಸ್‌ನ ಕಾಲೇಜೊಂದರ ಎರಡು ಆವರಣಗಳ ಪೈಕಿ ಒಂದರಲ್ಲಿ ಮಾತ್ರ ವಿದ್ಯಾರ್ಥಿಗಳು ಪುಟ್ಟ ಕಂಪನಿ ನಡೆಸಬೇಕಿತ್ತು. ಊಸ್ಟರ್‌ಬೇಕ್ ಮತ್ತು ಸಂಗಡಿಗರು ಎರಡೂ ಕಡೆ ಕೋರ್ಸಿನ ಮೊದಲು ಮತ್ತು ನಂತರ ಅಳತೆ ಮಾಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕೌಶಲದಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ಉದ್ಯಮದ ಸಂಕಲ್ಪವಂತೂ ಕುಗ್ಗಿತ್ತು. ತಮ್ಮ ಶಕ್ತಿಯ ಬಗೆಗೂ ಉದ್ಯಮದ ಬಗೆಗೂ ವಿದ್ಯಾರ್ಥಿಗಳಿಗೆ ವಾಸ್ತವದ ಅರಿವಾಗಿರಬಹುದು ಎಂಬುದು ಸಂಶೋಧಕರ ಊಹೆ.

ಹಾಗಾದರೆ ಕೋರ್ಸು ಸೋತಿತೇ? ಸಂಕಲ್ಪದ ಅಂಕವನ್ನೇ ಯಶಸ್ಸೆಂದು ಎಣಿಸುವವರಿಗೆ ಸೋತಂತೆಯೇ. ಆದರೆ ಮನೆಯವರ ಉಳಿತಾಯ ಸುರಿದು, ಎರಡು ವರ್ಷ ಕಳೆದು ಕಲಿಯುವ ಪಾಠವನ್ನು ತರಗತಿಯಲ್ಲೇ ಕಲಿತರೆ ಅದು ಲಾಭವಲ್ಲವೇ? ಡಿಜಿಟಲ್ ಉದ್ಯಮಕ್ಕೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಆ್ಯಪ್ ಬರೆಯಲು ಒಂದು ಲ್ಯಾಪ್‌ಟಾಪ್ ಸಾಕು. ಹಣ ಕೊಡುವ ಗ್ರಾಹಕ ಸಿಗುವವರೆಗೆ ಆದಾಯವಿಲ್ಲದೆ ತಾಳುವುದು ಕಷ್ಟ. ಅನುಭವದ ಪಾತ್ರವೂ ಇದೆ. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದ ಇಬ್ಬರೂ ಅದಕ್ಕೆ ಮುನ್ನ ಅಮೆಜಾನ್‌ನಲ್ಲಿ ದುಡಿದಿದ್ದರು. ಅಂತಿಮ ವರ್ಷದ ತರಗತಿಯಲ್ಲಿ ಹಂಚಿದ ಪ್ರಶ್ನಾವಳಿಗೆ ಇಂಥ ಅನುಭವ ಕಾಣಿಸದು.

ಇಂಥ ಅಧ್ಯಯನಕ್ಕೆ ಮಾರ್ಗದರ್ಶನ ಮಾಡುವ ಅಧ್ಯಾಪಕರು ‘ಇಷ್ಟವೇ?’ ಎಂಬಲ್ಲಿಗೆ ನಿಲ್ಲಿಸಬಾರದು. ಏನು ಮಾಡಿದ್ದೀರಿ, ಯಾರಿಗೆ ಮಾರಿದ್ದೀರಿ ಎಂದೂ ಕೇಳಿಸಬೇಕು. ಕೆಲವು ವರ್ಷಗಳ ಬಳಿಕ ಅದೇ ವಿದ್ಯಾರ್ಥಿಗಳನ್ನು ಮತ್ತೆ ವಿಚಾರಿಸಬೇಕು. ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಆಸೆಯ ಅಳತೆ ಮಾತ್ರ.