ವರ್ತಕರ ಬಿಲ್ಲೆಗಳೂ ವಿರಳತೆಯ ಅಳತೆಗೋಲೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಂತರ್ಯುದ್ಧವು ನಡೆಯುತ್ತಿದ್ದಾಗ, 1862ರಲ್ಲಿ, ಜನರು ಲೋಹದ ನಾಣ್ಯಗಳನ್ನು ಕೂಡಿಟ್ಟುಕೊಂಡುದರಿಂದ ಪೇಟೆಯಲ್ಲಿ ಚಿಲ್ಲರೆಗೆ ಅಭಾವವುಂಟಾಯಿತು. ಆಗ ವರ್ತಕರು ತಮ್ಮ ಹೆಸರು, ಊರು, ಕಸುಬುಗಳನ್ನು ಅಚ್ಚೊತ್ತಿಸಿ, ಸೆಂಟ್ ನಾಣ್ಯದ ಗಾತ್ರದ ತಾಮ್ರದ ಬಿಲ್ಲೆಗಳನ್ನು ಹೊರಡಿಸಿದರು. ಜಾಹೀರಾತೂ ಚಿಲ್ಲರೆಯೂ ಒಂದರಲ್ಲೇ ಕೂಡಿದುವು. 1864ರ ಏಪ್ರಿಲ್ ಮತ್ತು ಜೂನ್ ತಿಂಗಳ ಕಾಯಿದೆಗಳು ಈ ಪದ್ಧತಿಯನ್ನು ನಿಷೇಧಿಸಿದುವು.

ಈ ಬಿಲ್ಲೆಗಳನ್ನು ಕ್ರಮಪಡಿಸಿದವರಲ್ಲಿ ಜಾರ್ಜ್ ಫುಲ್ಡ್ ಮತ್ತು ಮೆಲ್ವಿನ್ ಫುಲ್ಡ್ ಅವರು ಪ್ರಮುಖರು. ರಾಜ್ಯ, ಊರು, ವರ್ತಕ, ಅಚ್ಚು, ಲೋಹ ಎಂಬ ಅನುಕ್ರಮದಲ್ಲಿರುವ ಅವರ ಸೂಚಿಯನ್ನು ಓದಿದರೆ ಒಂದೊಂದು ಪಟ್ಟಣದ ಅಂಗಡಿಬೀದಿಯೂ ಕಣ್ಣಿಗೆ ಕಟ್ಟುತ್ತದೆ. ಈ ಉಪಕಾರವು ಅಲ್ಪವಲ್ಲ. ಅದರಲ್ಲಿ 1ರಿಂದ 10ರವರೆಗಿನ ವಿರಳತೆಯ ಅಂಕಗಳೂ ಉಂಟು: 5,000ಕ್ಕಿಂತ ಹೆಚ್ಚು ಉಳಿದಿದ್ದರೆ 1, ಒಂದೇ ಒಂದು ಉಳಿದಿದ್ದರೆ 10. ಎಣಿಕೆಗೆ ಇದು ಒಳ್ಳೆಯ ಸಾಧನವೇ ಸರಿ. ಆದರೆ ಸಂಗ್ರಾಹಕರು ಇದನ್ನೇ ಮಹತ್ತ್ವದ ಅಳತೆಗೋಲನ್ನಾಗಿ ಹಿಡಿದಿರುವುದು ವಿಚಾರಾರ್ಹವಾಗಿದೆ.

ಒಂದು ನಿದರ್ಶನವನ್ನು ನೋಡೋಣ. ನ್ಯೂಯಾರ್ಕಿನ ಪಾನಗೃಹದ ಒಡೆಯ ಗುಸ್ಟಾವಸ್ ಲಿಂಡೆನ್‌ಮ್ಯುಲ್ಲರನು 1863ರ ತೇದಿಯುಳ್ಳ ಬಿಲ್ಲೆಗಳನ್ನು ಹತ್ತು ಲಕ್ಷಕ್ಕೂ ಮಿಕ್ಕಿ ಹೊರಡಿಸಿದನೆಂದು ಪ್ರತೀತಿ. ಥರ್ಡ್ ಅವೆನ್ಯೂ ಟ್ರಾಂ ಕಂಪೆನಿಯವರು ಪ್ರಯಾಣಿಕರಿಂದ ಅವನ್ನು ಸ್ವೀಕರಿಸಿದರು. ಮರಳಿ ಹಣ ಕೇಳಿದಾಗ ಆತನು ನಿರಾಕರಿಸಿದನೆಂದು ಹೇಳುತ್ತಾರೆ. ಖಾಸಗಿ ನಾಣ್ಯವನ್ನು ಸರಕಾರವು ಏಕೆ ತಡೆಯಬೇಕಾಯಿತೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತಿಳಿಸುವ ಬಿಲ್ಲೆ ದುರ್ಲಭ. ಆದರೂ ಇದು ಹೇರಳವಾಗಿ ದೊರೆಯುವುದರಿಂದ ವಿರಳತೆಯಲ್ಲಿ ಕೆಳಗಿನ ಮೆಟ್ಟಿಲಿನದು. ಇದಕ್ಕೆ ಪ್ರತಿಯಾಗಿ, ಬೆಳ್ಳಿಯಲ್ಲಿ ಒತ್ತಿದ ಅನೇಕ ಪ್ರತಿಗಳು ಮೇಲಿನ ಮೆಟ್ಟಿಲನ್ನು ಏರಿವೆ. ಅಚ್ಚುಗಾರರು ಅಂಥವನ್ನು ಅಂದಿನ ಸಂಗ್ರಾಹಕರಿಗಾಗಿಯೇ ಮಾಡಿಕೊಟ್ಟರು. ಅವು ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ಕಂಡವಲ್ಲ. ಸಂಗ್ರಾಹಕನ ಬಯಕೆಯೇ ವಿರಳತೆಯನ್ನು ಹುಟ್ಟಿಸಿ, ಆ ವಿರಳತೆಯನ್ನೇ ಮತ್ತೆ ಬೆಲೆಗೆ ಪ್ರಮಾಣವೆಂದರೆ, ಅದು ಅನ್ಯೋನ್ಯಾಶ್ರಯದೋಷವಲ್ಲವೆ?

ಬರಹವನ್ನು ಓದಬೇಕಾದಲ್ಲಿಯೂ ಈ ಅಳತೆಗೋಲು ನೆರವಾಗದು. ಕೆಲವು ಬಿಲ್ಲೆಗಳ ಮೇಲೆ ‘ಒಂದು ಸೆಂಟ್’ ಎಂಬ ಮಾತು ದೊಡ್ಡಕ್ಷರಗಳಲ್ಲಿದ್ದು, ಅದರ ಮೇಲ್ಗಡೆ ‘ಅಲ್ಲ’ ಎಂಬರ್ಥದ ಪದವು ಬಲು ಕಿರಿದಾಗಿದೆ. ಕೊಳ್ಳುವವನಿಗೆ ದೊಡ್ಡಕ್ಷರ, ಅಧಿಕಾರಿಗೆ ಸಣ್ಣಕ್ಷರ! ವರ್ತಕನ ಮನೋಧರ್ಮವೆಲ್ಲ ಆ ಅಕ್ಷರಗಳ ತಾರತಮ್ಯದಲ್ಲಿ ಅಡಗಿದೆ.

ಆದುದರಿಂದ ಸೂಚಿಯಲ್ಲಿ ಸಂಗ್ರಾಹಕರಿಗಾಗಿ ಒತ್ತಿದವನ್ನು ಬೇರೆಯಾಗಿ ಗುರುತಿಸುವುದೂ, ಬಳಕೆಯ ಬಿಲ್ಲೆಗಳಲ್ಲಿ ಸವೆತ, ದೊರೆತ ಸ್ಥಳಗಳನ್ನು ದಾಖಲಿಸುವುದೂ ಉಚಿತ. ಕೈಯಿಂದ ಕೈಗೆ ದಾಟಿ ನುಣುಪಾದ ತಾಮ್ರವೇ ಇಲ್ಲಿ ನಿಜವಾದ ಸಾಕ್ಷಿ. ಹೊಳಪು ಮಾಸದ ಬೆಳ್ಳಿಯು ಬಹುಮಟ್ಟಿಗೆ ತನ್ನನ್ನು ಕೊಂಡವನ ಅಭಿರುಚಿಯನ್ನಷ್ಟೇ ಹೇಳಬಲ್ಲುದು.